ಕೆಂಪು ಬಂಡೆಯಿಂದ ನಾನೂರು ಹೆಜ್ಜೆ

ಅಕ್ಟೋಬರ್ 9, ಬುಧವಾರ

ಬೆಟ್ಟ ಸಮಿತಿಯ ಪುಸ್ತಕವನ್ನು ತಿರುಗಿಸಿ ಹಿಂದಿನ ಹಾಳೆಯಿಂದ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳು ಕಾಡುಮೇಕೆಗಳ ಎಣಿಕೆಗೆ. ಇವತ್ತು ಮೂಡಣ ಕಣಿವೆಯಲ್ಲಿ ಮೂವತ್ತೊಂದು ಕಂಡವು. ಹಿಂದಿನ ಹಾಳೆಗಳು ನನ್ನವು. ಯಾರೂ ಓದಬಾರದು. ಓದಿದವರ ಕಿವಿ ಹಿಂಡುತ್ತೇನೆ.

ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸಮಿತಿಯ ಕಾರ್ಯದರ್ಶಿ ಜಿಪಾರ್, ಶಾಲೆಯ ಮೇಡಂ, ಹೊಸ ನಿಯಮ ತಂದಿದ್ದಾಳೆ. ಈ ಭಾನುವಾರ ಬಂದೂಕು ಹಿಡಿಯುವವರೆಲ್ಲ ಪರೀಕ್ಷೆ ಕೊಡಬೇಕಂತೆ. ಕಂಬಕ್ಕೆ ಸಣ್ಣ ಕಡಾಯಿಯ ಮುಚ್ಚಳ ನೇತುಹಾಕುವುದು. ಹೋತದ ಹೃದಯ, ಪುಪ್ಪುಸ ಸೇರಿದರೆ ಅಷ್ಟೇ ಅಗಲ. ಹೊಳೆಯಿಂದ ದಿಬ್ಬದ ಮೇಲಕ್ಕೆ ಓಡಿ ಬಂದು, ಏದುಸಿರು ಬಿಡುತ್ತಲೇ ಐದು ಗುಂಡು ಹೊಡೆಯಬೇಕು. ಐದಕ್ಕೆ ಐದೂ ಮುಚ್ಚಳಕ್ಕೆ ತಾಗುವ ದೂರ ಯಾವುದೋ ಅದೇ ನಿನ್ನ ದೂರ. ಅದಕ್ಕಿಂತ ಒಂದು ಹೆಜ್ಜೆ ಆಚೆಗೆ ಬೆಟ್ಟದಲ್ಲಿ ಗುಂಡು ಹಾರಿಸುವಂತಿಲ್ಲ.

ಕಾರಣವೂ ಇದೆ, ಇಲ್ಲ ಅನ್ನುವುದಿಲ್ಲ. ಈ ಬೆಟ್ಟವನ್ನು ನಾವು ಭಿಕ್ಷೆ ಎತ್ತಿ ಪಡೆದದ್ದಲ್ಲ. ಏಳು ವರ್ಷದ ಹಿಂದೆ ಜೀಪು ತುಂಬಿಕೊಂಡು ದೊಡ್ಡ ಮನುಷ್ಯರು ಬರುತ್ತಿದ್ದರು. ಜೀಪಿನಿಂದ ಕೆಳಗಿಳಿಯದೆ ಕೊಲ್ಲುತ್ತಿದ್ದರು, ಕೊಂಬು ಕಡಿದುಕೊಂಡು ಮಾಂಸ ಕೊಳೆಯಲು ಬಿಟ್ಟು ಹೋಗುತ್ತಿದ್ದರು. ಊರಿಗೆ ಊರೇ ರಸ್ತೆಯಲ್ಲಿ ಅಡ್ಡ ಮಲಗಿತು. ಹನ್ನೆರಡು ದಿನ. ನನ್ನ ಪಕ್ಕದಲ್ಲಿ ನನ್ನ ಮುದುಕಿ ಬುರುಲ್ಕಾನ್ ಮಲಗಿ, ಜೀಪಿನ ಚಕ್ರದ ಕೆಳಗೇ ಉಣ್ಣೆ ನೂಲುತ್ತಿದ್ದಳು. ಕೊನೆಗೆ ಕಾಗದ ಬಂತು: ಬೆಟ್ಟ ಊರಿನ ಕಾವಲಿಗೆ, ವರ್ಷಕ್ಕೆ ಎರಡು ಹೋತ ಊರಿನ ಊಟಕ್ಕೆ. ಅದೇ ಕಾಗದದ ಕೊನೆಯ ಸಾಲು: ಒಂದೇ ಋತುವಿನಲ್ಲಿ ಎರಡು ಪ್ರಾಣಿ ಗಾಯಗೊಂಡು ನರಳಿದರೆ ಬೆಟ್ಟ ವಾಪಸ್. ಜೀಪುಗಳು ಕೆಳಗೆ ಎಂಜಿನ್ ಆರಿಸದೆ ಆ ಸಾಲಿಗೆ ಕಾಯುತ್ತಿವೆ.

ಅದೆಲ್ಲ ಸರಿ. ಆದರೆ ನನಗೆ ಪರೀಕ್ಷೆಯೇ? ಕೆಂಪು ಬಂಡೆಯ ಮೇಲೆ, ಇಪ್ಪತ್ತೈದು ವರ್ಷದ ಹಿಂದೆ ನಾನು ನಿಂತು ಹೊಡೆದ ಜಾಗ ಅಂತ, ಊರಿನವರೇ ಕಲ್ಲುಗುಡ್ಡೆ ಕಟ್ಟಿದ್ದಾರೆ. ಕಣಿವೆಯ ಆಚೆ, ಹೋತ ಬಿದ್ದಲ್ಲಿ, ಇನ್ನೊಂದು. ನಡುವೆ ನಾನೂರು ಹೆಜ್ಜೆ. ಅಪ್ಪನ ಹಳೇ ಬಂದೂಕು, ದುರ್ಬೀನು ಇಲ್ಲ, ಒಂದೇ ಗುಂಡು. ಉಚ್‌ಬುಲಾಕ್‌ನ ಸತರ್‌ಕುಲ್ ಎಂಬ ನನ್ನ ಹೆಸರು ಹೇಳಿದರೆ ನರಿನ್ ಪೇಟೆಯಲ್ಲೂ ಟೀ ಅಂಗಡಿಯವನು ಎದ್ದು ಜಾಗ ಕೊಡುತ್ತಾನೆ.

ಮುಚ್ಚಳ ಯಾರ ಮನೆಯದು ಅಂದರೆ ನನ್ನ ಮನೆಯದೇ. ಬುರುಲ್ಕಾನ್ ತಾನಾಗಿ ಕೊಟ್ಟಿದ್ದಾಳೆ. ಇವತ್ತಿನ ಸಾರಿಗೆ ತಟ್ಟೆ ಮುಚ್ಚಿದ್ದಳು. ಹೊಗೆ ವಾಸನೆ.

ಅಕ್ಟೋಬರ್ 13, ಭಾನುವಾರ

ಪರೀಕ್ಷೆಯೋ ಮದುವೆಯೋ ತಿಳಿಯಲಿಲ್ಲ. ಹೆಂಗಸರು ಹಿಟ್ಟಿನ ಬೋರ್ಸೋಕ್ ಕರಿದು ಬುಟ್ಟಿ ತುಂಬಿ ತಂದರು. ಮುದುಕರು ಕಂಬಳಿ ಹಾಸಿ ಕೂತರು. ಗುಂಡು ತಾಗಿದರೆ ಮುಚ್ಚಳ ಠಣ್ ಅನ್ನುತ್ತಿತ್ತು, ತಾಗದಿದ್ದರೆ ಎಲ್ಲರೂ ಸೇರಿ ಬಾಯಲ್ಲಿ ಠಣ್ ಅನ್ನುತ್ತಿದ್ದರು. ಅದು ಹೆಚ್ಚು ಅವಮಾನ.

ಕುರಿ ಕಾಯುವ ತೊಕ್ತೋಸುನ್ ನೂರು ಹೆಜ್ಜೆಯಲ್ಲಿ ನಾಲ್ಕು ಹೊಡೆದು ಐದನೆಯದನ್ನು ಬಿಟ್ಟ.

"ಮೇಡಂ, ಮುಚ್ಚಳ ಅಲ್ಲಾಡ್ತು," ಎಂದ.

"ಹೋತ ಏನು ಫೋಟೋ ತೆಗೆಸ್ಕೊಳ್ಳೋಕೆ ನಿಲ್ಲುತ್ತಾ?" ಎಂದಳು ಜಿಪಾರ್. ಅವನ ಐದೂ ತಾಗಿದ್ದು ಅರವತ್ತರಲ್ಲಿ, ಅರವತ್ತು ಎಂದು ಬರೆದಳು. ತನಗೆ ತಾನೇ ನೂರಿಪ್ಪತ್ತು ಬರೆದುಕೊಂಡಳು. ಹೆಚ್ಚಿಗೆ ಪ್ರಯತ್ನವನ್ನೂ ಮಾಡಲಿಲ್ಲ. "ಇಷ್ಟು ಸಾಕು, ಇದು ಖಚಿತ ಗೊತ್ತು," ಎಂದಳು. ಹೆದರುಪುಕ್ಕಿ.

ನನ್ನ ತಮ್ಮನ ಮಗ ಮಿರ್ಲಾನ್ ಇನ್ನೂರರಲ್ಲಿ ಐದೂ ಹೊಡೆದ. ಇನ್ನೂರೈವತ್ತರಲ್ಲಿ ಮೂರು. ಇಡೀ ಊರಿಗೆ ಅವನೇ ಮೊದಲು. ಆದರೂ ಮುಖ ಸಪ್ಪಗಿತ್ತು. ತೊಕ್ತೋಸುನ್ ಅವನ ಬೆನ್ನು ತಟ್ಟಿ, "ನಿಮ್ಮ ದೊಡ್ಡಪ್ಪನ ಅರ್ಧ ಆಯ್ತಲ್ಲಯ್ಯಾ, ಇನ್ನರ್ಧ ಹಾಲು ಕುಡಿದು ಬಾ," ಎಂದ.

ಆಮೇಲೆ ಯಾರೋ ನನ್ನ ಕಡೆ ತಿರುಗಿ, ಹಿರಿಯರಿಗೆ ಅನ್ನುವ ಹಾಗೆ, "ಅಕೆ, ನೀವು?" ಎಂದರು. ನಾನು ಉತ್ತರಿಸುವ ಮೊದಲೇ ತೊಕ್ತೋಸುನ್ ಎದ್ದ: "ಅಳತೆಗೋಲನ್ನೇ ಅಳೀತೀರೇನ್ರೋ?" ಎಲ್ಲರೂ ನಕ್ಕು ಬಿಟ್ಟರು. ನಾನೂ ಮೀಸೆ ತೀಡಿದೆ.

ಬುಟ್ಟಿ ಎತ್ತಿಕೊಂಡು ಹೋಗುತ್ತಾ ಬುರುಲ್ಕಾನ್ ನನಗಷ್ಟೇ ಕೇಳುವ ಹಾಗೆ ಹೇಳಿದಳು: "ಏನ್ ಮುದುಕಾ, ನನ್ನ ಕಡಾಯಿ ಮುಚ್ಚಳಕ್ಕೆ ಹೆದ್ರಿದ್ಯಾ?"

ರಾತ್ರಿ ಊಟಕ್ಕೆ ಮಾತಾಡಲಿಲ್ಲ. ನಾನು. ಅವಳು ಮಾತಾಡುತ್ತಲೇ ಇದ್ದಳು.

ಅಕ್ಟೋಬರ್ 14, ಸೋಮವಾರ

ಬೆಳಗ್ಗೆ ಬೇಗ ಮುಚ್ಚಳದ ಹತ್ತಿರ ಹೋಗಿದ್ದೆ. ಇನ್ನೂರರಲ್ಲಿ ಐದು ಹಾರಿಸಿದೆ. ಒಂದು ಕಂಬಕ್ಕೆ ತಾಗಿತು.

ಗಾಳಿ ಇತ್ತು.

ಬುರುಲ್ಕಾನ್‌ಗೆ ತೋಳ ಓಡಿಸಲು ಹೋಗಿದ್ದೆ ಎಂದೆ.

"ಸತ್ತಿತಾ?"

"ಓಡಿಹೋಯ್ತು."

"ಐದು ಸಲಾನೂ?"

ಅಕ್ಟೋಬರ್ 26, ಶನಿವಾರ

ಮಿರ್ಲಾನ್ ಊರಿಗೇ ಮಣ್ಣು ಮುಕ್ಕಿಸಿದ.

ಊರಿನ ಎರಡು ಪರವಾನಗಿಯಲ್ಲಿ ಮೊದಲನೆಯದು ಚೀಟಿ ಎತ್ತಿದಾಗ ಅವನಿಗೆ ಬಂದಿತ್ತು. ಇವತ್ತು ಹೋದ. ಜೊತೆಗೆ ಇಬ್ಬರು ಗೆಳೆಯರು, ನೋಡಲು. ಕೆಂಪು ಬಂಡೆಯ ಮೇಲೆ, ನನ್ನ ಕಲ್ಲುಗುಡ್ಡೆಗೆ ಬಂದೂಕು ಒರಗಿಸಿ, ಕಣಿವೆಯ ಆಚೆ ನಿಂತಿದ್ದ ಹೋತಕ್ಕೆ ಹೊಡೆದ. ಅವನ ದೂರ ಇನ್ನೂರು. ಪುಸ್ತಕದಲ್ಲಿದೆ, ಸಹಿ ಇದೆ. ಹಿಂಗಾಲು ಮುರಿದು ಹೋತ ಬಂಡೆಗಳ ನಡುವೆ ಮಾಯವಾಯಿತು.

ಒಂದು ಆಯಿತು. ಇನ್ನೊಂದಾದರೆ ಬೆಟ್ಟ ಹೋಯಿತು.

ಊರ ನಡುವೆ ನಿಲ್ಲಿಸಿ ಬೈದೆ. ಹನ್ನೆರಡು ದಿನ ರಸ್ತೆಯಲ್ಲಿ ಮಲಗಿದವರ ಬೆನ್ನಿನ ಮೇಲೆ ಜೀಪು ಹತ್ತಿಸಿದೆ ಎಂದೆ. ಜಂಬಕ್ಕೆ ಹೊಡೆಯುವವನಿಗೂ ಆ ದೊಡ್ಡ ಮನುಷ್ಯರಿಗೂ ಜೀಪೊಂದೇ ವ್ಯತ್ಯಾಸ ಎಂದೆ. ಹೊಟ್ಟೆಗಾಗಿ ಕೊಲ್ಲುವವನು ಪ್ರಾಣಿಗೆ ಒಂದು ಸಾಲ ಹೊತ್ತಿರುತ್ತಾನೆ, ಸಾವು ಚಿಕ್ಕದಾಗಿರಬೇಕು, ಎಂದೆ. ಚೆನ್ನಾಗಿ ಮಾತಾಡಿದೆ. ನಾನು ಯಾವಾಗಲೂ ಚೆನ್ನಾಗಿಯೇ ಮಾತಾಡುತ್ತೇನೆ.

ಅವನು ತಲೆ ಎತ್ತಲಿಲ್ಲ. ಈ ದೊಡ್ಡಪ್ಪನಿಗೆ ಒಂದೇ ಮಾತು ಅಂದ: "ಅಬಾ, ನೀವು ಹೊಡೆದ ಜಾಗದಿಂದಾನೇ ಹೊಡೆದೆ."

ಬಾಯಿಗೆ ಧೂಳು ಬಂತು, ಕೆಮ್ಮಿದೆ.

ಅಕ್ಟೋಬರ್ 28, ಸೋಮವಾರ

ಗಾಯ ಮಾಡಿದವನು ಬೆನ್ನು ಬಿಡುವಂತಿಲ್ಲ. ಇದು ಜಿಪಾರ್ ತಂದ ನಿಯಮವಲ್ಲ, ನಮ್ಮ ಅಜ್ಜಂದಿರದು. ನಾನೂ ಮಿರ್ಲಾನ್ ಜೊತೆ ಹೊರಟೆ. ಒಂದೊಂದು ಹನಿ ರಕ್ತ ಹಿಡಿದು ಮೂರು ದಿನ. ಊರಿನವರು ದಾರಿಯ ಬಂಡೆಗಳ ಮೇಲೆ ರೊಟ್ಟಿ, ಒಣಮೊಸರಿನ ಕುರುತ್ ಇಟ್ಟು ಹೋಗುತ್ತಿದ್ದರು, ಎದುರಿಗೆ ಬರುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಸಿಕ್ಕಿತು. ಹಿಮನದಿಯ ಬುಡದಲ್ಲಿ ಕೂತಿತ್ತು. ಮಿರ್ಲಾನ್ ಹದಿನೈದು ಹೆಜ್ಜೆಗೆ ಹೋಗಿ ಮುಗಿಸಿದ. ಆಮೇಲೆ ಕೊಂಬು ಹಿಡಿದುಕೊಂಡು ಬಹಳ ಹೊತ್ತು ಕೂತ. ಇಪ್ಪತ್ತಾರು ವರ್ಷದ ಗಂಡು, ಮೂಗು ಸೋರಿಸಿಕೊಂಡು.

ಮಾಂಸ ಕುದುರೆಯ ಮೇಲೆ ಹೇರಿ ಇಳಿದೆವು. ನಮ್ಮಲ್ಲಿ ಬೇಟೆಯಿಂದ ಬರುವವನಿಗೆ ಎದುರಾದವರು "ಶಿರಾಲ್ಗಾ" ಅನ್ನುತ್ತಾರೆ. ಅಂದರೆ ಪಾಲು ಕೊಡು. ಯಾರೇ ಕೇಳಲಿ, ಏನೇ ಕೇಳಲಿ, ಬೇಟೆಗಾರ ಇಲ್ಲ ಅನ್ನುವಂತಿಲ್ಲ. ಇವತ್ತು ದಾರಿಯುದ್ದಕ್ಕೂ ಜನ ನಿಂತಿದ್ದರು. ಒಬ್ಬರೂ ಕೇಳಲಿಲ್ಲ. ತೊಕ್ತೋಸುನ್ ಕೂಡ ಕಲ್ಪಾಕ್ ಟೋಪಿ ಸರಿಮಾಡಿಕೊಳ್ಳುವವನ ಹಾಗೆ ಮುಖ ತಿರುಗಿಸಿದ. ಇಡೀ ಹೋತ ಹೊತ್ತ ಕುದುರೆ ಇಡೀ ಹೋತ ಹೊತ್ತುಕೊಂಡೇ ಮನೆ ಸೇರಿತು. ಮೂವತ್ತು ವರ್ಷದಲ್ಲಿ ನಾನಿದನ್ನು ನೋಡಿರಲಿಲ್ಲ.

ಅಕ್ಟೋಬರ್ 30, ಬುಧವಾರ

ವರದಿ ಬರೆಯಬೇಕಲ್ಲ, ಜಿಪಾರ್ ದೂರ ಅಳೆಯುವ ಯಂತ್ರ ತಂದಳು. ಪುಟ್ಟ ದುರ್ಬೀನಿನ ಹಾಗಿದೆ. ಕಣ್ಣಿಗಿಟ್ಟು ಗುಂಡಿ ಒತ್ತಿದರೆ ಒಳಗೆ ಅಂಕಿ ಮೂಡುತ್ತದೆ. ಅರ್ಧ ಊರು ಕೆಂಪು ಬಂಡೆಗೆ ಹತ್ತಿತು. ನನ್ನ ಎದೆ ಯಾಕೋ ಹೊಡೆದುಕೊಳ್ಳುತ್ತಿತ್ತು. ಏರು ದಾರಿ.

ಜಿಪಾರ್ ಒಂದು ಸಲ ನೋಡಿದಳು, ಇನ್ನೊಂದು ಸಲ ನೋಡಿದಳು.

"ಅಕೆ, ಇದು ನಾನೂರು ಹೆಜ್ಜೆ ಅಲ್ಲ," ಎಂದಳು.

ಕಲ್ಲುಗುಡ್ಡೆ ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ ಒಂಥರಾ ನಿರಾಳವೂ ಆಯಿತು. ಸಿಕ್ಕಿಬಿದ್ದೆ, ಮುಗಿಯಿತು, ಅಂತ.

"ನಾನೂರ ಹನ್ನೆರಡು ಮೀಟರ್. ಅಂದ್ರೆ ಐನೂರ ನಲವತ್ತು ಹೆಜ್ಜೆ."

ಆಮೇಲೆ ತೊಕ್ತೋಸುನ್ ನನ್ನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡುಬಿಟ್ಟ. "ನಮ್ಮ ಅಕೆ ಎಂಥಾ ಮನುಷ್ಯ ನೋಡ್ರೋ, ಇಪ್ಪತ್ತೈದು ವರ್ಷದಿಂದ ನೂರ ನಲವತ್ತು ಹೆಜ್ಜೆ ಕಡಿಮೆ ಹೇಳ್ಕೊಂಡು ಬಂದಿದ್ದಾನೆ!"

ಊರು ಕುಣಿಯಿತು. ಕೆಳಗಿಳಿಯುವ ಹೊತ್ತಿಗೆ ಮಕ್ಕಳು "ಐನೂರ ನಲವತ್ತು, ಐನೂರ ನಲವತ್ತು" ಎಂದು ಹಾಡು ಕಟ್ಟಿದ್ದರು. ಮಿರ್ಲಾನ್‌ನ ಗೆಳೆಯರಿಬ್ಬರೂ ಬಂಡೆಯ ಮೇಲೆ ಮಲಗಿ, ಬಂದೂಕಿಲ್ಲದ ಕೈಯಲ್ಲೇ ಗುರಿ ಹಿಡಿದು ನೋಡುತ್ತಿದ್ದುದನ್ನು ಕಂಡೆ. ಎರಡನೆಯ ಪರವಾನಗಿ ಇನ್ನೂ ಬಾಕಿ ಇದೆ.

ಅಕ್ಟೋಬರ್ 31, ಗುರುವಾರ

ಬುರುಲ್ಕಾನ್ ಒಲೆಗೆ ಬೆರಣಿ ಹಾಕುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು:

"ಐನೂರ ನಲವತ್ತು ಹೆಜ್ಜೆ ದೂರದಿಂದ ಹೊಡೆದವನ ಕೋಟಿನ ಗುಂಡಿಗಳು ಎಲ್ಲಿ ಹೋದ್ವು?"

"ಯಾವ ಗುಂಡಿ?"

"ಆ ದಿನ ಮನೆಗೆ ಬಂದಾಗ ನಿನ್ನ ಕೋಟಿಗೆ ಒಂದೂ ಗುಂಡಿ ಇರಲಿಲ್ಲ. ಏಳಕ್ಕೆ ಏಳೂ ಕಿತ್ತು ಹೋಗಿದ್ವು. ಎದೆ ಮೇಲಿನ ಬಟ್ಟೆ ಜರಡಿ ಆಗಿತ್ತು. ಮೊಣಕೈಯಿಂದ ಮುಳ್ಳು ಕಿತ್ತಿದ್ದು ಯಾರು, ನಾನೇ. ನಿಂತು ಗುಂಡು ಹೊಡೆದವನಿಗೆ ಹೊಟ್ಟೆ ತುಂಬಾ ಮುಳ್ಳು ಹೇಗೆ ಚುಚ್ಚುತ್ತೆ?"

ಇಪ್ಪತ್ತೈದು ವರ್ಷ. ಈ ಹೆಂಗಸಿಗೆ ಗೊತ್ತಿತ್ತು.

"ಒಂದು ದಿನಾನೂ ಕೇಳಲಿಲ್ಲ ನೀನು."

"ನೀನೇ ಹೇಳ್ತೀಯ ಅಂತ ಕಾದೆ." ಬೂದಿ ಕೆದಕಿದಳು. "ಸ್ವಲ್ಪ ಹೊತ್ತಾಯ್ತು."

ನವೆಂಬರ್ 2, ಶನಿವಾರ

ಇಲ್ಲಿ ಬರೆಯುತ್ತೇನೆ. ಇಲ್ಲಿ ಬರೆಯಲು ಬಂದರೆ ಹೇಳಲೂ ಬಂದೀತು.

1994ರ ಚಳಿಗಾಲ. ಸಾಮೂಹಿಕ ಫಾರ್ಮು ಮುರಿದುಬಿದ್ದಿತ್ತು. ಕುರಿಗಳನ್ನು ಮೇಲಿನವರು ಹಂಚಿಕೊಂಡರು. ನಮಗೆ ಸಿಕ್ಕಿದ್ದು ಕೊಟ್ಟಿಗೆಯ ಗೊಬ್ಬರ. ಒಂಬತ್ತು ಮನೆ, ಒಂದರಲ್ಲೂ ಹಿಟ್ಟಿಲ್ಲ. ಮಕ್ಕಳು ಅಳುವುದನ್ನೂ ಬಿಟ್ಟಿದ್ದವು. ಕಾನೂನಿನ ಕಣ್ಣಲ್ಲಿ ಅದು ಕಳ್ಳಬೇಟೆ. ಹಸಿವಿಗೆ ಪರವಾನಗಿ ಕೊಡುವ ಕಚೇರಿ ನನಗೆ ಗೊತ್ತಿರಲಿಲ್ಲ.

ಅಪ್ಪನ ಬಂದೂಕು ಇತ್ತು. ತೋಟಾ ಒಂದೇ ಇತ್ತು. ನೂರು ಹೆಜ್ಜೆ ದಾಟಿದರೆ ಆ ಬಂದೂಕು ಎಡಕ್ಕೆ ಹೊಡೆಯುತ್ತದೆಂದು ನನಗೆ ಗೊತ್ತಿತ್ತು. ನನ್ನ ಕೈಯೂ ಅಷ್ಟಕ್ಕಷ್ಟೇ ಎಂದು ಗೊತ್ತಿತ್ತು. ಕುದುರೆಯನ್ನು ಕೆಂಪು ಬಂಡೆಗೆ ಕಟ್ಟಿ, ಅಲ್ಲಿಂದ ಹೊಟ್ಟೆಯ ಮೇಲೆ ತೆವಳಿದೆ. ಹಿಮ, ಮುಳ್ಳುಪೊದೆ, ಹೆಪ್ಪುಗಟ್ಟಿದ ಹೊಳೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅದೊಂದೇ ಅದೃಷ್ಟ. ನಡುವೆ ಒಂದು ಹೆಣ್ಣುಮೇಕೆ ತಲೆ ಎತ್ತಿ ನನ್ನತ್ತಲೇ ನೋಡಿತು. ಮುಖ ಹಿಮದಲ್ಲಿ ಹುದುಗಿಸಿ ಅಲ್ಲಾಡದೆ ಮಲಗಿದೆ. ಅದು ನೋಡುತ್ತಲೇ ಇತ್ತು. ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡೆ. ಅದನ್ನೂ ಬರೆಯುತ್ತೇನೆ, ಯಾರು ಓದುತ್ತಾರೆ? ಸ್ವಲ್ಪ ಹೊತ್ತು ಬೆಚ್ಚಗಿತ್ತು.

ಐದು ಗಂಟೆ ತೆವಳಿದೆ. ಅರವತ್ತು ಹೆಜ್ಜೆಗೆ ಹೋದೆ. ಆ ದೂರದಲ್ಲಿ ಹೋತದ ಮೂಗಿನಿಂದ ಬರುವ ಹಬೆ ಕಾಣುತ್ತಿತ್ತು. ಹೊಡೆದೆ. ನಿಂತಲ್ಲೇ ಕುಸಿಯಿತು.

ಗುಂಡಿನ ಸದ್ದಿಗೆ ಮೊದಲು ಓಡಿಬಂದವನು ನೆರೆಮನೆಯ ಕಾಲಿಕ್ ಮುದುಕ, ಈಗಿಲ್ಲ. ಬಂಡೆಗೆ ಕಟ್ಟಿದ ಕುದುರೆ ನೋಡಿದ, ಆಚೆ ಬಿದ್ದ ಹೋತ ನೋಡಿದ. "ಅಲ್ಲಿಂದ ಹೊಡೆದ್ಯೇನೋ ಸತರ್‌ಕುಲ್?" ಎಂದು ಕೂಗಿದ. ನನ್ನ ತುಟಿ ಹೆಪ್ಪುಗಟ್ಟಿತ್ತು, ಬಾಯಿ ಬಿಡಲಾಗಲಿಲ್ಲ. ಇದು ದೇವರಾಣೆ ನಿಜ. ಒಂಬತ್ತು ಮನೆಯವರೂ ಶಿರಾಲ್ಗಾ ಅಂದರು. ಮನೆ ಮುಟ್ಟುವಾಗ ನನಗೆ ಉಳಿದದ್ದು ತಲೆ, ಒಂದು ಮುಂಗಾಲು. ಅಷ್ಟು ಹೊತ್ತಿಗೆ ತುಟಿ ಬೆಚ್ಚಗಾಗಿತ್ತು. ಆದರೂ ಬಾಯಿ ಬಿಡಲಿಲ್ಲ.

ಯಾಕೆ? ಗಂಡಸು ಹುಳದ ಹಾಗೆ ತೆವಳಿದ ಅಂತ ಯಾರು ಹಾಡು ಕಟ್ಟುತ್ತಾರೆ? ದೂರದಿಂದ ಹೊಡೆಯುವುದು ಖಾನರ, ಜೀಪಿನ ದೊಡ್ಡ ಮನುಷ್ಯರಂಥವರ, ಲಕ್ಷಣ. ಖಾನರ ವಿರುದ್ಧ ಜೀವನವೆಲ್ಲ ಗಂಟಲು ಹರಿದುಕೊಂಡ ನಾನು ಅವರ ಟೋಪಿಯನ್ನೇ ಹಾಕಿಕೊಂಡು ಓಡಾಡಿದೆ.

ಮಿರ್ಲಾನ್ ಆ ಟೋಪಿಗೆ ಗುರಿಯಿಟ್ಟ. ಹೋತಕ್ಕಲ್ಲ.

ನವೆಂಬರ್ 3, ಭಾನುವಾರ

ಶಾಲೆಯ ಕೋಣೆಯಲ್ಲಿ ಸಭೆ. ಎದ್ದು ನಿಂತು ಹೇಳಿದೆ. ಎಲ್ಲ ಹೇಳಿದೆ, ಉಚ್ಚೆ ಒಂದು ಬಿಟ್ಟು. ಕೆಂಪು ಬಂಡೆ ಸುಳ್ಳು, ಅರವತ್ತು ಹೆಜ್ಜೆ, ಹೊಟ್ಟೆಯ ಮೇಲೆ.

ತೊಕ್ತೋಸುನ್ ಕಣ್ಣೊರೆಸಿಕೊಂಡು ಎದ್ದ.

"ನೋಡಿ," ಎಂದ, "ತಮ್ಮನ ಮಗನ ಮಾನ ಉಳಿಸೋಕೆ ತನ್ನ ಮಾನಾನೇ ಕಳಕೊಳ್ತಿದ್ದಾನೆ. ಇಂಥವರು ಈಗ ಎಲ್ಲಿದ್ದಾರೆ?"

ಚಪ್ಪಾಳೆ. ಮುದುಕಿಯರು ಅತ್ತರು.

"ನಾನು ಸುಳ್ಳ ಕಣ್ರಯ್ಯಾ," ಎಂದು ಕಿರುಚಿದೆ. "ಇಪ್ಪತ್ತೈದು ವರ್ಷ ಸುಳ್ಳು ತಿಂದಿದ್ದೇನೆ."

ಚಪ್ಪಾಳೆ ಜಾಸ್ತಿಯಾಯಿತು. ಜೀವನದಲ್ಲಿ ನೂರು ಭಾಷಣ ಮಾಡಿದ್ದೇನೆ. ನಿಜ ಹೇಳಿದ ಮೊದಲ ಭಾಷಣವನ್ನೇ ಯಾರೂ ನಂಬಲಿಲ್ಲ.

ಆಗ ಹಿಂದಿನ ಬೆಂಚಿನಿಂದ ಬುರುಲ್ಕಾನ್ ಎದ್ದಳು. "ಬಾಯಿ ಮಾತು ಸಾಕು," ಎಂದಳು. "ನನ್ನ ಮುಚ್ಚಳ ತನ್ನಿ."

ಎಲ್ಲರೂ ಹೊಳೆಗೆ ಇಳಿದೆವು. ಅರವತ್ತೊಂದು ವರ್ಷದ ಕಾಲು ದಿಬ್ಬ ಹತ್ತಿ ಓಡಿತು. ಇನ್ನೂರರಿಂದ ಐದು ಹಾರಿಸಿದೆ, ಒಂದೂ ತಾಗಲಿಲ್ಲ. ಊರೆಲ್ಲ ಬಾಯಲ್ಲಿ ಠಣ್ ಅನ್ನಬೇಕಿತ್ತು, ಆದರೆ ಯಾರೂ ಅನ್ನಲಿಲ್ಲ, ಬಾಯಿ ತೆರೆದುಕೊಂಡೇ ಇದ್ದರು. ನೂರೈವತ್ತರಿಂದ ಒಂದು ತಾಗಿತು. ಮತ್ತೆ ಇಳಿದೆ, ಮತ್ತೆ ಓಡಿದೆ. ನೂರರಿಂದ ನಾಲ್ಕು. ಈಗ ಮಕ್ಕಳು ಎಣಿಸತೊಡಗಿದ್ದರು. ಎಂಬತ್ತಕ್ಕೆ ಬಂದಾಗ ಮಿರ್ಲಾನ್ ನನ್ನ ಜೊತೆಯಲ್ಲೇ ದಿಬ್ಬ ಹತ್ತಿ ಓಡಿದ, ತೋಟಾ ಕೈಗೆ ಕೊಡುತ್ತಾ. ಠಣ್. ಠಣ್. ಠಣ್. ಠಣ್. ಐದನೆಯದಕ್ಕೆ ಉಸಿರು ಪೂರ್ತಿ ಬಿಟ್ಟು ಕಾದೆ. ಠಣ್.

ಜಿಪಾರ್ ಪುಸ್ತಕದಲ್ಲಿ ಬರೆದು ನನ್ನ ಮುಂದೆ ಹಿಡಿದಳು: ಸತರ್‌ಕುಲ್, ಎಂಬತ್ತು. ಸಹಿ ಹಾಕಿದೆ. ಯಾಕೋ ಹೊಟ್ಟೆ ಹಗುರಾಯಿತು. ಅಷ್ಟು ಓಡಿದರೆ ಹಸಿವಾಗದೆ ಇರುತ್ತದೆಯೇ.

ತೊಕ್ತೋಸುನ್ ಬಹಳ ಹೊತ್ತು ಕಂಬವನ್ನೂ ನನ್ನನ್ನೂ ನೋಡಿದ. "ಹಾಗಾದ್ರೆ ನಿಜವಾಗ್ಲೂ ತೆವಳಿದ್ಯಾ? ಐದು ಗಂಟೆ?"

"ಐದು ಗಂಟೆ."

"ಒಂದೇ ತೋಟಾ ಇಟ್ಕೊಂಡು?"

"ಒಂದೇ."

"ಥೂ ನಿನ್ನ," ಎಂದ. "ಇಷ್ಟು ಒಳ್ಳೇ ಕಥೆ ಬಚ್ಚಿಟ್ಟು ಆ ಹಳಸಲು ಕಥೆ ಹೇಳ್ಕೊಂಡು ತಿರುಗಿದ್ಯಲ್ಲೋ." ಆಮೇಲೆ ಅವನ ನಗು ಶುರುವಾಯಿತು. ನಿಲ್ಲಲಿಲ್ಲ. ಊರಿಗೇ ಹಿಡಿಯಿತು. ಕೊನೆಗೆ ನನಗೂ.

ಎರಡನೆಯ ಪರವಾನಗಿಯ ಮಾತು ಬಂತು. ಬಳಸದೆ ಬಿಟ್ಟರೆ ಅಪಾಯವಿಲ್ಲ ಎಂದರು ಕೆಲವರು. "ಹೆದರಿ ಬಿಟ್ಟರೆ ಬೆಟ್ಟ ಈಗ್ಲೇ ಅವರದಾಯ್ತು," ಎಂದಳು ಜಿಪಾರ್. "ತನ್ನ ದೂರ ಎಷ್ಟು ಅಂತ ಊರೆಲ್ಲರ ಮುಂದೆ ಒಪ್ಪಿಕೊಂಡವನ ಕೈಗೆ ಕೊಡೋಣ." ನನ್ನ ಹೆಸರಿಗೆ ಎಲ್ಲರೂ ಕೈ ಎತ್ತಿದರು. ತಪ್ಪಿದರೆ ಎಲ್ಲರ ಬೆಟ್ಟ, ನನ್ನೊಬ್ಬನ ಗುಂಡು.

ನವೆಂಬರ್ 6, ಬುಧವಾರ

ನನ್ನ ಹೆಸರು ಈಗ ಎಂಬತ್ತು ಅಕೆ. ಟೀ ಕುಡಿಯಲು ಹೋದರೆ, "ಎಂಬತ್ತು ಬಂದ್ರು, ಹತ್ತಿರ ಕೂರಿಸಿ, ದೂರದವರು ಕಾಣಲ್ಲ," ಅನ್ನುತ್ತಾರೆ.

ಊರ ಮಕ್ಕಳೆಲ್ಲ ಹೊಟ್ಟೆಯ ಮೇಲೆ ತೆವಳುತ್ತಿವೆ. ಮೇಯುವ ಕತ್ತೆಯ ಹತ್ತಿರ ಯಾರು ಹೆಚ್ಚು ಹೋಗುತ್ತಾರೆ ಎಂಬುದೇ ಆಟ. ಜಿಪಾರ್‌ನ ಎಂಟು ವರ್ಷದ ಮಗಳು ಕತ್ತೆಯ ಬಾಲ ಮುಟ್ಟಿ ಬಂದಳಂತೆ. ಶಾಲೆಯಲ್ಲಿ ಅವಳೇ ಈಗ ದೊಡ್ಡ ಬೇಟೆಗಾರ್ತಿ. ತಾಯಂದಿರು ಹರಿದ ಅಂಗಿಗಳನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಬುರುಲ್ಕಾನ್ ಎಲ್ಲರಿಗೂ ಚಹಾ ಕೊಟ್ಟು, "ನಂದು ಇಪ್ಪತ್ತೈದು ವರ್ಷದ ದೂರು, ನಿಮ್ಮದು ಆಮೇಲೆ," ಎಂದು ಕಳಿಸಿದಳು.

ಮಿರ್ಲಾನ್ ದಿನಾ ಸಂಜೆ ಬರುತ್ತಾನೆ. ಹೆಣ್ಣುಮೇಕೆ ನೋಡಿದಾಗ ಏನು ಮಾಡಿದಿರಿ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಇವತ್ತು ಉಚ್ಚೆಯ ವಿಷಯವನ್ನೂ ಹೇಳಿಬಿಟ್ಟೆ. ಹೋತ ಸಿಕ್ಕಿದ ದಿನದಿಂದ ಅವನು ನಕ್ಕಿರಲಿಲ್ಲ. ಇವತ್ತು ಚಹಾ ಮೂಗಿನಿಂದ ಬಂತು.

ಮೂಡಣ ಕಣಿವೆಯಲ್ಲಿ ಮೂವತ್ನಾಲ್ಕು. ಇದನ್ನು ಮುಂದಿನ ಹಾಳೆಯಲ್ಲಿ ಬರೆಯಬೇಕಿತ್ತು.

ನವೆಂಬರ್ 16, ಶನಿವಾರ

ಬುರುಲ್ಕಾನ್ ಹಳೆಯ ಕೋಟು ಹೊರತೆಗೆದು ಏಳು ಗುಂಡಿ ಹೊಸದಾಗಿ ಹೊಲಿದು ಕೊಟ್ಟಳು. ಏನೂ ಹೇಳಲಿಲ್ಲ. ಏಳನ್ನೂ ತಾನೇ ಹಾಕಿ ಕಳಿಸಿದಳು.

ಮಿರ್ಲಾನ್ ಜೊತೆಗೆ ಬಂದ, ಬಂದೂಕಿಲ್ಲದೆ. ಕೆಂಪು ಬಂಡೆಗೆ ಕುದುರೆ ಕಟ್ಟಿ ಮಲಗಿದೆವು. ಮುಂದೆ ನಾನು, ನನ್ನ ಬೂಟಿನ ಹಿಂದೆ ಅವನ ಮೂಗು. ಬಿಸಿಲೇರುವ ಹೊತ್ತಿಗೆ ಒಂದು ದೊಡ್ಡ ಹೋತ ನೂರಿಪ್ಪತ್ತು ಹೆಜ್ಜೆಯಲ್ಲಿ ಅಡ್ಡಲಾಗಿ ನಿಂತಿತು. ಚಿತ್ರದ ಹಾಗೆ.

"ಅಬಾ, ಅದು ಹೋಗುತ್ತೆ," ಎಂದು ಪಿಸುಗುಟ್ಟಿದ.

"ಹೋಗಲಿ. ಅದು ನಿಂದು, ನಂದಲ್ಲ."

ಹೋಯಿತು. ಬೇಸರವೇನೂ ಆಗಲಿಲ್ಲ, ಅದರ ನಡಿಗೆ ನೋಡುತ್ತಿದ್ದೆ. ಮತ್ತೆ ತೆವಳಿದೆವು. ಹೊಳೆಯ ಮಂಜುಗಡ್ಡೆಯ ಮೇಲೆ ಒಂದು ಗುಂಡಿ ಹೋದ ಸದ್ದು ಕೇಳಿತು. ಮುಳ್ಳುಪೊದೆಯಲ್ಲಿ ಇನ್ನೊಂದು. ಹಿಂದೆ ಮಿರ್ಲಾನ್ ನಗು ತಡೆಯಲು ತೋಳು ಕಚ್ಚಿಕೊಂಡಿದ್ದ. ಮಧ್ಯಾಹ್ನ ದಾಟಿದ ಮೇಲೆ ಬಂಡೆಯ ಆಚೆ ಮುದಿ ಹೋತ ಒಂದು ಕಂಡಿತು. ಕೊಂಬಿನ ಮೇಲಿನ ಗಂಟು ಎಣಿಸಿದೆ, ಹನ್ನೆರ­ಡು. ಗಂಟು ಎಣಿಸುವಷ್ಟು ಹತ್ತಿರ. ಆದರೂ ಎದೆ ನನ್ನ ಕಡೆಗಿರಲಿಲ್ಲ, ಬೆನ್ನಿತ್ತು. ಕಾದೆ. ಮಂಡಿ ಮರಗಟ್ಟಿತು. ರಸ್ತೆಯಲ್ಲಿ ಮಲಗಿದ ಹನ್ನೆರಡು ದಿನ ನೆನಪಾಯಿತು. ನಾವು ಏನನ್ನಾದರೂ ಗೆದ್ದದ್ದು ಯಾವಾಗಲೂ ಮಲಗಿಯೇ.

ಹೋತ ತಿರುಗಿತು. ಮಿರ್ಲಾನ್ ಉಸಿರು ಬಿಗಿಹಿಡಿದದ್ದು ಕೇಳಿತು. ನಾನು ಪೂರ್ತಿ ಬಿಟ್ಟೆ. ಕಡಾಯಿ ಮುಚ್ಚಳ ಅಲ್ಲೇ, ಅದರ ಎದೆಯ ಮೇಲೆ, ನೇತಾಡುತ್ತಿತ್ತು. ಹೊಡೆದೆ.

ಎರಡು ಹೆಜ್ಜೆ ಇಟ್ಟು ಬಿತ್ತು. ನಾವು ಹತ್ತಿರ ಹೋಗುವಾಗ ಎಲ್ಲ ಮುಗಿದಿತ್ತು. ಬಿಸ್ಮಿಲ್ಲಾ ಹೇಳಿದೆ. ಬಿಸಿ ಕುತ್ತಿಗೆಯ ಮೇಲೆ ಇಬ್ಬರೂ ಕೈಯಿಟ್ಟು ಕೂತೆವು. ಮಿರ್ಲಾನ್ ಎದ್ದು ಹೋದ. ಬಹಳ ಹೊತ್ತಿನ ಮೇಲೆ ಕೆಂಪು ಬಂಡೆಯಿಂದ, ಆ ಗುಡ್ಡೆಯದೇ ಎರಡು ಕಲ್ಲು ಹೊತ್ತು ತಂದು ನಾನು ಮಲಗಿದ್ದಲ್ಲಿ ಇಟ್ಟ. ಬರುವಾಗ ಹೆಜ್ಜೆ ಹಾಕಿ ಅಳೆದನಂತೆ ಕಲ್ಲಿನಿಂದ ಹೋತದವರೆಗೆ. ಅರವತ್ತೈದು.

ಇಳಿಯುವ ದಾರಿ. ಮೊದಲ ತಿರುವಿನಲ್ಲೇ ತೊಕ್ತೋಸುನ್ ಕಾದು ನಿಂತಿದ್ದ. "ಶಿರಾಲ್ಗಾ, ಎಂಬತ್ತು ಅಕೆ," ಎಂದು ಕಣಿವೆಗೆಲ್ಲ ಕೇಳುವಂತೆ ಕೂಗಿದ. ಮುಂಗಾಲು ಕೊಟ್ಟೆ. ಜಿಪಾರ್ ಪಕ್ಕೆಲುಬು ಕೇಳಿದಳು, ಅವಳ ಮಗಳು ಕಿವಿ ಕೇಳಿದಳು, ಕೊಟ್ಟೆ. ಮನೆಮನೆಯವರೂ ಬಂದರು. ಮಾಂಸ ಮುಗಿಯುತ್ತಾ ಬಂದಷ್ಟೂ ಕುದುರೆ ಚುರುಕಾಗಿ ನಡೆಯಿತು, ನಾನೂ.

ನಮ್ಮ ಬೀದಿಯ ತಿರುವಿನಲ್ಲಿ ಬುರುಲ್ಕಾನ್ ನಿಂತಿದ್ದಳು. "ಶಿರಾಲ್ಗಾ," ಎಂದಳು.

ಹೆಂಡತಿ ಗಂಡನಿಗೆ ಹೀಗೆ ಕೇಳುವ ಪದ್ಧತಿ ಎಲ್ಲೂ ಇಲ್ಲ. ಜನ ನಕ್ಕರು. ಆದರೆ ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. ಉಳಿದದ್ದು ತಲೆ, ಕೊಂಬು, ಒಂದು ತೊಡೆ.

"ಏನು ಬೇಕೋ ತಗೋ."

"ಮಾಂಸ ಬೇಡ. ಕೋಟು ತೋರಿಸು."

ಬೀದಿಯ ನಡುವೆ ನಿಲ್ಲಿಸಿ ಮೇಲಿನಿಂದ ಕೆಳಗೆ ಬೆರಳಿಟ್ಟು ಎಣಿಸಿದಳು. ಏಳರಲ್ಲಿ ಎರಡು ಉಳಿದಿದ್ದವು.

"ಹತ್ತಿರ ಹೋಗಿದ್ದೀಯ," ಎಂದಳು.

"ಅರವತ್ತೈದು."

"ನಾನು ಕೇಳಿದ್ನಾ?"

ಮನೆಗೆ ಬಂದು ಗುಂಡಿಯ ಡಬ್ಬಿ ತೆರೆದಳು. ಸೂಜಿಗೆ ದಾರ ಪೋಣಿಸಲು ಅವಳಿಗೆ ಕಣ್ಣು ಹಿಡಿಯುತ್ತಿಲ್ಲ. ಕೊಡು ಎಂದೆ. ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಸೂಜಿಯನ್ನು ಮೂಗಿನ ಹತ್ತಿರಕ್ಕೆ ತಂದೆ. ಮೂರನೆಯ ಸಲ ಹೋಯಿತು.

ಗಾಳಿ ಇರಲಿಲ್ಲ.